ಎರಡು ಮೂಟೆ ತೂಕದ ಗಾಡಿ

ನಮ್ಮ ಮನೆಯಲ್ಲಿ ಮೋಟಾರ್ ಸೈಕಲ್ ನಡುಮನೆಯಲ್ಲಿರುತ್ತಿತ್ತು. ಈಗಲೂ ಅಲ್ಲೇ ಇದೆ. ಅದು ನನ್ನ ಬಳಿಯೇ ಉಳಿಯಬೇಕೋ, ಮೈದುನನ ಮನೆಗೆ ಹೋಗಬೇಕೋ ಎಂಬ ಮಾತು ಒಂದು ವರ್ಷ ನಮ್ಮಿಬ್ಬರ ನಡುವೆ ನಡೆಯಿತು. ಹೊರಗಿನವರಿಗೆ ಇದೊಂದು ದೊಡ್ಡ ವಿಷಯವಲ್ಲ. ಒಂದು ಹಳೆಯ ಗಾಡಿ, ಓಡಿಸಲು ಬಾರದ ಒಬ್ಬ ಹೆಂಗಸು, ಓಡಿಸಬಲ್ಲ ಒಬ್ಬ ಗಂಡಸು. ನ್ಯಾಯ ಯಾರ ಕಡೆ ಎಂದು ಯಾರನ್ನು ಕೇಳಿದರೂ ಹೇಳುತ್ತಿದ್ದರು. ಅದಕ್ಕೇ ನಾನು ಯಾರನ್ನೂ ಕೇಳಲಿಲ್ಲ.

ನಂಜನಗೂಡಿನ ಹಳೆಯ ಬೀದಿಗಳಲ್ಲಿ ಮನೆಗಳಿಗೆ ಕಾಂಪೌಂಡ್ ಇರುವುದಿಲ್ಲ. ಬಾಗಿಲು ದಾಟಿದರೆ ಒಂದು ಮೆಟ್ಟಿಲು, ಮೆಟ್ಟಿಲು ಇಳಿದರೆ ಬೀದಿ. ಹೊಸ್ತಿಲಿನ ಮೇಲಿಂದ ಬೀದಿಯವರೆಗೆ ಒಂದು ದಪ್ಪ ಹಲಗೆ ಇಳಿಬಿಟ್ಟು, ಅದರ ಮೇಲೆ ಗಾಡಿಯನ್ನು ಹತ್ತಿಸಿ ಇಳಿಸಿ ಮಾಡುತ್ತಿದ್ದರು ನಮ್ಮೆಜಮಾನರು. ತೊಂಬತ್ತರ ದಶಕದ ಶುರುವಿನಲ್ಲಿ ನಾನು ಟಿ. ನರಸೀಪುರದಿಂದ ಮದುವೆಯಾಗಿ ಬಂದು, ಸೇರಕ್ಕಿ ಒದ್ದು ಒಳಗೆ ಕಾಲಿಟ್ಟಾಗ ಮೊದಲು ಮೂಗಿಗೆ ಬಡಿದದ್ದು ಹೂವಿನ ವಾಸನೆಯಲ್ಲ, ಪೆಟ್ರೋಲಿನದು. ಅಡುಗೆಮನೆ ಯಾವುದು, ಬಚ್ಚಲು ಯಾವುದು ಎಂದು ತೋರಿಸುವ ಮೊದಲೇ ಅವರು ನನ್ನನ್ನು ಅದರ ಮುಂದೆ ನಿಲ್ಲಿಸಿ, "ಇದು ಎರಡು ಸಿಲಿಂಡರ್" ಎಂದಿದ್ದರು. ಏನು ಹೇಳಬೇಕೋ ಗೊತ್ತಾಗದೆ ನಾನು, "ನಮ್ಮನೇಲಿ ಒಂದೇ, ಭಾರತ್ ಗ್ಯಾಸು" ಎಂದೆ. ಆ ಮಾತನ್ನು ಅವರು ನೆಂಟರ ಮನೆಗಳಲ್ಲೆಲ್ಲ ಹೇಳಿಕೊಂಡು ನಗುತ್ತಿದ್ದರು.

ಗಾಡಿಯ ಬಗ್ಗೆ ಆಮೇಲೆ ನನಗೂ ತಿಳಿಯಿತು. ಅದು ರೇಸಿನ ಜಾತಿಯದು. ಹೊರದೇಶದಲ್ಲಿ ಹುಟ್ಟಿದ ಯಂತ್ರವನ್ನು ನಮ್ಮಲ್ಲಿ ಕೆಲವು ವರ್ಷ ತಯಾರಿಸಿ, ಇದು ನಮ್ಮ ರಸ್ತೆಗಲ್ಲ, ನಮ್ಮ ಜೇಬಿಗಲ್ಲ ಎಂದು ನಿಲ್ಲಿಸಿಬಿಟ್ಟಿದ್ದರು. ಇವರು ಅದನ್ನು ಮೈಸೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡಿದ್ದರು. ಪೆಟ್ರೋಲ್ ಕುಡಿಯುತ್ತಿದ್ದದ್ದು ನಿಜ. ಬೀದಿಯ ಹೆಂಗಸರು, "ನಿಮ್ಮನೇಲಿ ಎಮ್ಮೆ ಸಾಕಿದ್ರೂ ಇಷ್ಟು ಕುಡೀತಿರ್ಲಿಲ್ಲ ಕಣವ್ವ, ಅದು ಹಾಲಾದ್ರೂ ಕೊಡ್ತಿತ್ತು" ಎನ್ನುತ್ತಿದ್ದರು. ಬೇರೆ ಗಾಡಿಗಳು ರಸ್ತೆಯಲ್ಲಿ ಹೋಗುತ್ತವೆ. ಇದು ಮೊದಲು ಸುಮ್ಮನೆ ಹೋಗಿ, ಆಮೇಲೆ ಏನೋ ನೆನಪಾದ ಹಾಗೆ ಒಮ್ಮೆಗೇ ಎಗರುತ್ತಿತ್ತು. ಹಿಂದೆ ಕುಳಿತ ನನ್ನ ಸೆರಗು, ಜಡೆ, ಮಾತು ಎಲ್ಲ ಹಿಂದಕ್ಕೆ ಹೋಗುತ್ತಿದ್ದವು.

ಇವರು ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸಕ್ಕಿದ್ದರು. ಭಾನುವಾರ ಬೆಳಿಗ್ಗೆ ನಡುಮನೆಯಲ್ಲಿ ಹಳೆಯ ಪೇಪರ್ ಹಾಸಿ, ಊಟದ ತಟ್ಟೆಯೊಂದರಲ್ಲಿ ಸೀಮೆಎಣ್ಣೆ ಸುರಿದು, ಕಾರ್ಬುರೇಟರ್ ಬಿಚ್ಚಿ ತೊಳೆಯುತ್ತಿದ್ದರು. ಸವೆದ ಟೂತ್ ಬ್ರಷ್ಷು ಅವರಿಗೆ ಬೇಕು. ನನ್ನ ಹಳೆಯ ನೂಲಿನ ಸೀರೆಯ ತುಂಡೂ ಬೇಕು, ಅದೂ ಬಹಳ ಸಲ ಒಗೆದು ಮೆತ್ತಗಾದದ್ದೇ ಆಗಬೇಕು. ನಾನು ಪಕ್ಕದಲ್ಲಿ ಕುಳಿತು ಅವರೆಕಾಯಿ ಬಿಡಿಸುವುದೋ, ಗಿರಾಕಿಗಳ ಸೀರೆಗೆ ಫಾಲ್ಸ್ ಹಚ್ಚುವುದೋ ಮಾಡುತ್ತಿದ್ದೆ. ಅವರು ಮಾತಿನವರಲ್ಲ. ಪ್ಲಗ್ ತೆಗೆದು ಬೆಳಕಿಗೆ ಹಿಡಿದು, "ಕಾಫಿಪುಡಿ ಬಣ್ಣ ಬಂದದೆ, ಸರಿಯಾಗುರೀತಾ ಅದೆ" ಎನ್ನುವರು. ನಾನು "ಹೂಂ" ಎನ್ನುವೆ. ನಮಗೆ ಮಕ್ಕಳಾಗಲಿಲ್ಲ. ಆ ವಿಷಯವನ್ನು ನಾವು ಮಾತಾಡಿದ್ದಕ್ಕಿಂತ ಪ್ಲಗ್ಗಿನ ಬಣ್ಣದ ವಿಷಯ ಮಾತಾಡಿದ್ದೇ ಹೆಚ್ಚು.

ತೂಕದ ಮಾತು ಶುರುವಾದದ್ದು ನನ್ನ ತವರಿನಲ್ಲಿ. ಟಿ. ನರಸೀಪುರದಲ್ಲಿ ನಮ್ಮಪ್ಪನದೊಂದು ಸಣ್ಣ ಅಕ್ಕಿ ಗಿರಣಿ ಇತ್ತು. ಅಪ್ಪ ಓಡಿಸುತ್ತಿದ್ದದ್ದು ಮೈಸೂರಿನಲ್ಲೇ ತಯಾರಾಗುತ್ತಿದ್ದ ಎರಡು ಸೈಲೆನ್ಸರಿನ ಗಾಡಿ. ಅದರ ಮೇಲೆ ಅವರಿಗೆ ಮಗಳ ಮೇಲಿನಷ್ಟೇ ಪ್ರೀತಿ. ಮದುವೆಯ ಮುಂದಿನ ವರ್ಷ ಹಬ್ಬಕ್ಕೆ ಹೋದಾಗ ಗಿರಣಿಯ ಅಂಗಳದಲ್ಲಿ ಎರಡೂ ಗಾಡಿಗಳು ಪಕ್ಕಪಕ್ಕ ನಿಂತಿದ್ದವು. ಅಪ್ಪ ಎಲೆಅಡಿಕೆ ಹಾಕಿಕೊಂಡು ಶುರು ಮಾಡಿದರು.

"ಗಾಡಿ ಅಂದ್ರೆ ತೂಕ ಇರ್ಬೇಕು ಅಳಿಯಂದ್ರೇ. ತೂಕ ಇದ್ರೆ ರೋಡ್ ಹಿಡ್ಕತದೆ. ನಿಮ್ದು ಬರೀ ಕಿರುಚ್ತದೆ."

"ಮಾವ, ನಿಮ್ದು ಅಕ್ಕಿ ಮೂಟೆ ಹೊರಕ್ಕೆ ಹುಟ್ಟಿರದು. ನಂದು ಓಡಕ್ಕೆ ಹುಟ್ಟಿರದು."

"ಓಡಿ ಓಡಿ ಎಲ್ಲಿಗೋಯ್ತೀರಿ? ಅತ್ಲಾಗೂ ಹೊಳೆ, ಇತ್ಲಾಗೂ ಹೊಳೆ."

ಅಂಗಳದಲ್ಲಿದ್ದ ಹಮಾಲಿಗಳೆಲ್ಲ ನಕ್ಕರು. ಎರಡು ಹೊಳೆ ಸೇರುವ ಊರಿನ ಅಪ್ಪನಿಗೆ ಆ ಮಾತು ಎಲ್ಲದಕ್ಕೂ ಒದಗುತ್ತಿತ್ತು. ಇವರಿಗೆ ಸ್ವಲ್ಪ ಕಿಡಿ ಹತ್ತಿತು. "ತೂಕ ಹಾಕಿ ನೋಡೇ ಬಿಡಣ" ಎಂದರು.

ಗಿರಣಿಯಲ್ಲಿ ಮೂಟೆ ತೂಗುವ ತಕ್ಕಡಿ ಇತ್ತಲ್ಲ, ನೆಲಮಟ್ಟದ ಹಲಗೆಯದು. ತೂಗುವವನು ಮೂಗೂರಿನವನು, ನನ್ನ ಹುಟ್ಟಿನಿಂದಲೂ ಅಲ್ಲೇ ಇದ್ದವನು. ಗಾಡಿ ಪೂರ್ತಿ ಆ ಹಲಗೆಯ ಮೇಲೆ ಹಿಡಿಯುವುದಿಲ್ಲ. ಅವನು ಮುಂದಿನ ಚಕ್ರ ತಕ್ಕಡಿಗೆ ಹತ್ತಿಸಿ, ಹಿಂದಿನದಕ್ಕೆ ಅದೇ ಎತ್ತರದ ಮರದ ದಿಮ್ಮಿ ಕೊಟ್ಟು ತೂಗಿದ. ಆಮೇಲೆ ಹಿಂದಿನದು. ಎರಡನ್ನೂ ಬೆರಳಿನ ಗೆಣ್ಣಿನಲ್ಲಿ ಎಣಿಸಿ ಕೂಡಿದ. ಅಪ್ಪನ ಗಾಡಿ ಎರಡು ಮೂಟೆ ಭತ್ತಕ್ಕೆ ಒಂದು ಹತ್ತು ಕೆಜಿ ಕಮ್ಮಿ ಬಂತು. ಇವರದು ಸರಿಯಾಗಿ ಎರಡು ಮೂಟೆ. ಎಂದರೆ ಎರಡು ಎಪ್ಪತ್ತೈದು, ನೂರೈವತ್ತು ಕೆಜಿ.

"ಹಂಗಾದ್ರೆ ಮಾವ, ನಿಮ್ಮ ಲೆಕ್ಕದಲ್ಲೇ ರೋಡ್ ಹಿಡ್ಕಳದು ನಂದೇ" ಎಂದರು ಇವರು.

ಅಪ್ಪ ಎಲೆಅಡಿಕೆ ಉಗಿದು ಬಂದು, "ಪೆಟ್ರೋಲ್ ಜಾಸ್ತಿ ತುಂಬ್ಸ್ಕೊಂಡು ಬಂದವ್ರೆ" ಎಂದು ಒಳಗೆ ಹೋದರು.

ಅಂದಿನಿಂದ ಇವರಿಗೆ ಅದೊಂದು ಮಾತಾಯಿತು. ರಸ್ತೆಯಲ್ಲಿ ಹುಡುಗರು ನಿಲ್ಲಿಸಿ ಕೇಳಿದರೆ, "ಸರಿಯಾಗಿ ಎರಡು ಮೂಟೆ. ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಮ್ಮಿ ಇಲ್ಲ" ಎನ್ನುವರು. ಆ ಎಂಜಿನ್ನಿನ ಬಲವನ್ನು ಆ ತೂಕದಿಂದ ಭಾಗಿಸಿ, ಬೇರೆ ಗಾಡಿಗಳ ಬಲವನ್ನು ಅವುಗಳ ತೂಕದಿಂದ ಭಾಗಿಸಿ, ಯಾಕೆ ಇದರ ಮುಂದೆ ಯಾವುದೂ ಇಲ್ಲ ಎಂದು ವಿವರಿಸುವರು. ಹುಡುಗರು ಹೋದ ಮೇಲೆ ನನಗೂ ಅದನ್ನೇ ಹೇಳುವರು. ನಾನು ರಾಗಿ ಹಿಟ್ಟು ತೊಳಸುತ್ತಾ ಕೇಳಿಸಿಕೊಂಡದ್ದೇ ಹೆಚ್ಚು, ಅರ್ಥವಾದದ್ದು ಕಡಿಮೆ. ಕಡಿಮೆ ತೂಕವಿದ್ದು ಹೆಚ್ಚು ಬಲವಿದ್ದರೆ ಗಾಡಿ ಎಗರುತ್ತದೆ ಎಂಬುದಷ್ಟು ತಲೆಗೆ ಹತ್ತಿತ್ತು.

ವರ್ಷಗಳು ಹೀಗೇ ಹೋದವು. ಎರಡು ಸಾವಿರದ ಇಸವಿ ದಾಟಿದ ಮೇಲೆ ರಸ್ತೆಯ ತುಂಬ ಹೊಸ ಜಾತಿಯ ಗಾಡಿಗಳು ಬಂದವು. ಹೊಗೆ ಇಲ್ಲ, ಕಿರುಚಾಟವಿಲ್ಲ, ಬಟನ್ ಒತ್ತಿದರೆ ಸ್ಟಾರ್ಟು. ಇವರ ತಮ್ಮ ಹುಲ್ಲಹಳ್ಳಿಯಲ್ಲಿ ಗದ್ದೆ ನೋಡಿಕೊಂಡಿದ್ದ. ಅವನೂ ಅಂಥದೊಂದು ಸ್ಪೋರ್ಟ್ಸ್ ಗಾಡಿ ಕೊಂಡು, ಪೂಜೆ ಮಾಡಿಸಲು ದೇವಸ್ಥಾನಕ್ಕೆ ತಂದ. ಚಕ್ರದಡಿ ನಿಂಬೆಹಣ್ಣು ಒಡೆಸಿ, ಹ್ಯಾಂಡಲಿಗೆ ಹಾಕಿದ ಹಾರ ಹಾಗೆಯೇ ಇಟ್ಟುಕೊಂಡು ಮನೆಗೆ ಬಂದ. ಮುಂಭಾಗಕ್ಕೆಲ್ಲ ಪ್ಲಾಸ್ಟಿಕ್ಕಿನ ಮುಖವಾಡ, ಹಿಂದಿನ ಸೀಟು ಆಕಾಶಕ್ಕೆ. "ಇದ್ರಲ್ಲಿ ನಿನ್ನ ಹೆಂಡ್ತಿ ಎಲ್ಲಿ ಕೂತ್ಕತಾಳೋ?" ಎಂದೆ. "ಕೂತ್ಕಬಾರ್ದು ಅಂತಾನೆ ಅತ್ಗೆ ಇದನ್ನ ತಗೊಂಡಿರದು" ಎಂದ.

ಅಣ್ಣನನ್ನು ಕೆಣಕುವುದು ಅವನಿಗೆ ಚಿಕ್ಕಂದಿನ ರೂಢಿ. "ಅಣ್ಣ, ಇನ್ನ ನಿಂದು ಮ್ಯೂಸಿಯಮ್ಗೆ ಕೊಡದು. ನಂದು ತೂಕ ಕಮ್ಮಿ, ಓಟ ಜಾಸ್ತಿ."

"ಎಷ್ಟ್ಲಾ ತೂಕ?"

"ಕಮ್ಮಿ ಕಣಣ್ಣ, ಹಿಡ್ದು ನೋಡು."

ಇವರು ಹಿಡಿದು ನೋಡಿದರು. ಮತ್ತೆ ತಮ್ಮ ಗಾಡಿ ಹಿಡಿದು ನೋಡಿದರು. "ಹತ್ತು ಗಾಡೀನ" ಎಂದರು. ಹಾರದ ಸಮೇತ ಎರಡೂ ಗಾಡಿ ಟಿ. ನರಸೀಪುರಕ್ಕೆ ಹೊರಟವು. ಇವರ ಹಿಂದೆ ನಾನು.

ಗಿರಣಿಗೆ ಆಗಲೇ ಕರೆಂಟಿನ ತಕ್ಕಡಿ ಬಂದಿತ್ತು, ಕೆಂಪು ಅಂಕಿ ಹೊಳೆಯುವಂಥದು. ಮೂಗೂರಿನಾತನಿಗೆ ವಯಸ್ಸಾಗಿ, ಕೆಲಸ ಬಿಟ್ಟಿದ್ದರೂ ಗಿರಣಿ ಬಿಟ್ಟಿರಲಿಲ್ಲ. ಅಪ್ಪನ ಕುರ್ಚಿಯ ಪಕ್ಕ ಚೀಲದ ಮೇಲೆ ಕುಳಿತಿದ್ದ. ಹೊಸ ಗಾಡಿ ತೂಗಿದರು. ಸರಿಯಾಗಿ ಎರಡು ಮೂಟೆ. ಇವರ ಗಾಡಿ ತೂಗಿದರು. ಎರಡು ಮೂಟೆಯ ಮೇಲೆ ಎರಡು ಕೆಜಿ.

ಮೈದುನ ಕುಣಿದಾಡಿಬಿಟ್ಟ. ಇವರು ಮತ್ತೆ ತೂಗಿಸಿದರು. ಮತ್ತೆ ಅದೇ. "ತಕ್ಕಡಿ ಸರಿಯಿಲ್ಲ" ಎಂದರು. ಅಪ್ಪನಿಗೆ ಸಿಟ್ಟು ಬಂತು. "ತಕ್ಕಡಿಗೆ ಸರ್ಕಾರದೋರು ಸೀಲ್ ಹಾಕ್ಯವ್ರೆ" ಎಂದರು.

ಆಗ ಮೂಗೂರಿನಾತ ಚೀಲದ ಮೇಲಿಂದಲೇ ಹೇಳಿದ: "ತಕ್ಕಡಿ ಸರ್ಯಾಗದೆ ಸಾ. ಆವತ್ತು ನಾನು ಸೂಟು ಎತ್ಬುಟ್ಟಿದ್ದೆ."

ಸೂಟು ಎಂದರೆ ಗಿರಣಿಗೆ ಬಂದ ಭತ್ತಕ್ಕೆ ಗೋಣಿಯ ತೂಕವೆಂದು ಒಂದಿಷ್ಟು, ತೇವವೆಂದು ಒಂದಿಷ್ಟು ಕಳೆದು ಲೆಕ್ಕ ಹಿಡಿಯುವುದು. ಇಡೀ ಆಯುಷ್ಯ ಅದನ್ನೇ ಮಾಡಿದ ಆತ ಗಾಡಿಗೂ ಕಳೆದಿದ್ದ.

"ಗಾಡೀಗೆ ಯಾತರ ಸೂಟಯ್ಯ?" ಎಂದರು ಇವರು.

"ಚೀಲಕ್ಕೊಂದು, ತ್ಯಾವಕ್ಕೊಂದು. ಕೈ ತಾನೇ ಕಳೀತು ಸಾ."

"ಮಾವನ ಗಾಡಿಗೆ?"

"ಅದು ಮನೆ ಮಾಲು. ಮನೆ ಮಾಲ್ಗೆ ಯಾರಾದ್ರೂ ಸೂಟು ಎತ್ತಾರಾ? ನಿಮ್ದು ಹೊರ್ಗಿಂದ ಬಂದಿದ್ದಲ್ವಾ?"

ಅಪ್ಪ ಕೆಮ್ಮು ಬರುವವರೆಗೆ ನಕ್ಕರು. ಇವರು ನಗಲಿಲ್ಲ. ವಾಪಸ್ ಬರುವಾಗ ಕಬ್ಬಿನ ಗದ್ದೆಗಳ ನಡುವಿನ ರಸ್ತೆಯಲ್ಲಿ ಬಹಳ ದೂರ ಬಂದೆವು. ಆಮೇಲೆ ಇವರ ಬೆನ್ನು ಕುಲುಕತೊಡಗಿತು. ಗಾಡಿ ನಿಲ್ಲಿಸಿ, ಪಕ್ಕದ ಕಾಲುವೆಯ ಕಟ್ಟೆಯ ಮೇಲೆ ಕುಳಿತು, ಕಣ್ಣು ಒರೆಸಿಕೊಂಡು ನಕ್ಕರು. "ಇಷ್ಟು ವರ್ಷ ಒದ್ದೆ ಭತ್ತದ ಲೆಕ್ಕದಲ್ಲಿ ಓಡಿಸ್ತಿದ್ದೆ ಕಣೇ" ಎಂದರು. ಆಮೇಲೆ ನನ್ನನ್ನು ಕರೆದು ಗಾಡಿಯ ಹ್ಯಾಂಡಲ್ ನನ್ನ ಕೈಗೆ ಕೊಟ್ಟರು. ನೆಟ್ಟಗೆ ನಿಲ್ಲಿಸಿಕೊಂಡರೆ ಅದಕ್ಕೆ ತೂಕವೇ ಇಲ್ಲ, ಎರಡು ಬೆರಳಿನಲ್ಲಿ ನಿಲ್ಲುತ್ತದೆ. ಒಂದು ಗೇಣು ವಾಲಿದರೆ ಆಗ ಗೊತ್ತಾಗುತ್ತದೆ. "ತಮ್ಮಂದೂ ಹೆಚ್ಚುಕಮ್ಮಿ ಅಷ್ಟೇ ತೂಕ. ಆದ್ರೆ ಅದರ ಭಾರ ಎಲ್ಲ ಮೇಲಿದೆ, ಇದರ ಭಾರ ಕೆಳಗಿದೆ. ತಕ್ಕಡಿಗೆ ಅದು ತಿಳಿಯಲ್ಲ, ಕೈಗೆ ತಿಳೀತದೆ" ಎಂದರು. ನನ್ನ ಕೈಗೆ ಆಗ ಏನೂ ತಿಳಿಯಲಿಲ್ಲ. ಬೀಳಿಸಿಬಿಡುತ್ತೇನೆಂಬ ಹೆದರಿಕೆಯೊಂದೇ ಇತ್ತು.

ಅದರ ಮುಂದಿನ ವರ್ಷ ಅಪ್ಪ ಹೋದರು. ಗಿರಣಿ ಬೇರೆಯವರ ಕೈಗೆ ಹೋಯಿತು. ಅದಾದ ಸ್ವಲ್ಪ ಕಾಲಕ್ಕೆ ಒಂದು ಬೆಳಿಗ್ಗೆ ಇವರು ಎದೆ ಹಿಡಿದುಕೊಂಡಿದೆ ಎಂದು ಗೋಡೆಗೆ ಒರಗಿದವರು ಆಸ್ಪತ್ರೆಯವರೆಗೂ ಬರಲಿಲ್ಲ.

ಮೊದಲ ತಿಂಗಳು ಮನೆ ತುಂಬ ಜನ. ಆಮೇಲೆ ಒಬ್ಬಳೇ. ಒಬ್ಬಳಿಗೆ ಎಷ್ಟು ಅಕ್ಕಿ ಹಾಕಬೇಕೆಂಬುದು ಬಹಳ ದಿನ ಕೈಗೆ ಹತ್ತಲಿಲ್ಲ. ಉಳಿದ ಅನ್ನ ಹಸುವಿಗೆ ಹಾಕಿ ಬರುತ್ತಿದ್ದೆ. ಫಾಲ್ಸ್ ಹಚ್ಚಲು ಕೊಟ್ಟವರು ಬಾಗಿಲಲ್ಲೇ ನಿಂತು ತೆಗೆದುಕೊಂಡು ಹೋಗುತ್ತಿದ್ದರು. ಸಂಜೆ ಸೂಜಿಗೆ ದಾರ ಪೋಣಿಸುತ್ತಾ ತಲೆಯೆತ್ತಿದರೆ ನಡುಮನೆಯಲ್ಲಿ ನನ್ನ ಹೊರತು ಇನ್ನೊಂದು ಆಕಾರ ಎಂದರೆ ಆ ಗಾಡಿ. ಅವರ ಬಟ್ಟೆಗಳನ್ನು ಕೊಟ್ಟುಬಿಟ್ಟಿದ್ದೆ. ಕನ್ನಡಕ, ವಾಚು ಎಲ್ಲ ಪೆಟ್ಟಿಗೆ ಸೇರಿದ್ದವು. ಅವರದೆನ್ನುವುದು ಮನೆಯಲ್ಲಿ ಜಾಗ ಹಿಡಿದು ನಿಂತದ್ದು, ಸುತ್ತಿಕೊಂಡು ಓಡಾಡಬೇಕಾದದ್ದು, ಅದೊಂದೇ.

ಎಂಜಿನ್ ಹಿಡಿದುಕೊಳ್ಳಬಾರದೆಂದು ಮೈದುನ ವಾರ ಬಿಟ್ಟು ವಾರ ಭಾನುವಾರ ಬಂದು ಕಿಕ್ ಹೊಡೆದು ಸ್ಟಾರ್ಟ್ ಮಾಡಿ ಹೋಗುತ್ತಿದ್ದ. ಉಪ್ಪಿಟ್ಟು ತಿನ್ನುತ್ತಿದ್ದ. ಮೊದಲು ಸುಮ್ಮನಿದ್ದವನು ಆಮೇಲೆ ಮಾತು ತೆಗೆದ.

"ಅತ್ಗೆ, ಇದನ್ನ ನಮ್ಮನೆಗೆ ತಗೊಂಡೋಯ್ತೀನಿ. ನಮ್ಮಣ್ಣನ ಗಾಡಿ. ನಾನು ಮಾರಕಿಲ್ಲ, ಆಣೆ. ಅಲ್ಲಿದ್ರೆ ಓಡ್ತದೆ. ಇಲ್ಲಿ ನಿಮ್ಗೆ ಪೂಜೆ ಸಾಮಾನಿನ ಜತೆ ಒಂದು ಸಾಮಾನಾಗದೆ."

"ಇರ್ಲಿ ಬಿಡಪ್ಪ ಇಲ್ಲೇ."

"ಇರ್ಲಿ ಅಂದ್ರೆ ಹೆಂಗೆ? ನಾಳೆ ಹೊಳೆ ನೀರು ಬೀದಿಗೆ ಬಂತು, ಇನ್ನೊಂದಾಯ್ತು. ಒಬ್ರೇ ಆಚೆ ಹಾಕಕ್ಕಾಯ್ತದಾ? ಸ್ಟ್ಯಾಂಡಿಂದ ಇಳ್ಸಕ್ಕಾದ್ರೂ ಆಯ್ತದಾ?"

"ಆಗ್ತದೆ" ಎಂದೆ. ಯೋಚನೆ ಮಾಡಿ ಹೇಳಿದ ಮಾತಲ್ಲ.

ಅವನು ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ನಕ್ಕ. ಕೆಟ್ಟ ನಗುವಲ್ಲ. "ಆಯುಧ ಪೂಜೆಗೆ ಬತ್ತೀನಿ. ನನ್ನ ಮುಂದೆ ಒಬ್ರೇ ಇಳ್ಸಿ, ಬೀದಿಗೆ ತಂದು, ತಿರ್ಗಾ ಒಳಕ್ಕಾಕ್ಬುಡಿ. ಇನ್ನು ಆ ಮಾತೇ ಎತ್ತಕಿಲ್ಲ. ಆಗ್ನಿಲ್ಲ ಅಂದ್ರೆ ಅವತ್ತೇ ತಗೊಂಡೋಯ್ತೀನಿ, ನೀವು ಬೇಜಾರ್ ಮಾಡ್ಕಬಾರ್ದು."

"ಆಗ್ಲಿ" ಎಂದೆ.

ಮಳೆಗಾಲ ಪೂರ್ತಿ ಮಧ್ಯಾಹ್ನದ ಹೊತ್ತು ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆರಿಗೆ ಎತ್ತಿ ಕಟ್ಟಿ, ಎಡಗೈ ಹ್ಯಾಂಡಲ್ಲಿಗೆ, ಬಲಗೈ ಸೀಟಿನ ಹಿಂದಿನ ಹಿಡಿಗೆ. ಮುಂದಕ್ಕೆ ನೂಕಿದರೆ ನಡುವಿನ ಸ್ಟ್ಯಾಂಡ್ ಮಡಚಿ ಗಾಡಿ ನೆಲಕ್ಕಿಳಿಯಬೇಕು. ಎಷ್ಟು ದಿನ ನೂಕಿದರೂ ಅದು ಅಲುಗಲಿಲ್ಲ. ಕೈಯಲ್ಲಿ ನೂಕಬಾರದು, ತೊಡೆಯಲ್ಲಿ ನೂಕಬೇಕು ಎಂಬುದು ಒಂದು ದಿನ ತಾನಾಗಿ ತಿಳಿಯಿತು. ಇಳಿಯಿತು. ಮತ್ತೆ ಮೇಲೆ ಹತ್ತಿಸುವುದು ಹೇಗೆ? ಸ್ಟ್ಯಾಂಡಿನಲ್ಲಿ ಕಾಲಿಡಲು ಚಾಚಿದ ಕಬ್ಬಿಣದ ಗೂಟದ ಮೇಲೆ ಇಡೀ ಮೈಭಾರ ಬಿಟ್ಟು ನಿಂತರೆ ಗಾಡಿ ತಾನೇ ಹಿಂದಕ್ಕೆ ಏರುತ್ತದೆ, ಮೆಟ್ಟಿಲು ಹತ್ತುವ ಹಾಗೆ. ಅದು ತಿಳಿಯಲು ಇನ್ನೂ ಕೆಲವು ವಾರ. ಅವರು ಬದುಕಿದ್ದಾಗ ಪ್ರತಿದಿನ ನನ್ನ ಕಣ್ಣೆದುರೇ ಮಾಡುತ್ತಿದ್ದದ್ದು ಇದು. ನಾನು ಅವರ ಮುಖ ನೋಡುತ್ತಿದ್ದೆನೇ ಹೊರತು ಕಾಲು ನೋಡಿರಲಿಲ್ಲ.

ಹಬ್ಬಕ್ಕೆ ಸ್ವಲ್ಪ ದಿನ ಇರುವಾಗ ಗಾಡಿ ಬಿತ್ತು.

ಇಳಿಸಿಕೊಂಡು ಬಾಗಿಲ ಕಡೆಗೆ ತಿರುಗಿಸುತ್ತಿದ್ದೆ. ಚಕ್ರ ಚಾಪೆಯ ಅಂಚಿಗೆ ಸಿಕ್ಕಿ, ನನ್ನಿಂದ ಆಚೆ ಪಕ್ಕಕ್ಕೆ, ಬಲಕ್ಕೆ ವಾಲಿತು. ಒಂದು ಗೇಣು ವಾಲುವವರೆಗೆ ಹಿಡಿದೆ. ಆಮೇಲೆ ಅದು ನನ್ನದಲ್ಲ. ಸದ್ದಿಗೆ ಅಡುಗೆಮನೆಯ ಪಾತ್ರೆಗಳು ಅಲುಗಿದವು. ಟ್ಯಾಂಕಿನ ಮುಚ್ಚಳದಿಂದ ಪೆಟ್ರೋಲ್ ತೊಟ್ಟಿಕ್ಕತೊಡಗಿತು. ದೇವರ ಮುಂದೆ ದೀಪ ಉರಿಯುತ್ತಿದ್ದದ್ದು ನೆನಪಾಗಿ ಓಡಿ ಹೋಗಿ ಹೂವಿನಿಂದ ಶಾಂತ ಮಾಡಿದೆ. ಕಿಟಕಿ ತೆರೆದೆ. ವಾಪಸ್ ಬಂದು ನೋಡಿದರೆ ಒಂದು ಚಕ್ರ ಗಾಳಿಯಲ್ಲಿ ಇನ್ನೂ ಮೆಲ್ಲಗೆ ತಿರುಗುತ್ತಿತ್ತು.

ಎತ್ತಲು ಹೋದೆ. ಹ್ಯಾಂಡಲ್ ಹಿಡಿದು ಎಳೆದೆ, ಬಗ್ಗಿ ಎಳೆದೆ, ಕುಳಿತು ಎಳೆದೆ. ಎದ್ದದ್ದು ನನ್ನ ನಡು ನೋವು ಮಾತ್ರ. ಮೊಬೈಲ್ ತೆಗೆದೆ. ಯಾರಿಗೆ ಮಾಡುವುದು? ಬೀದಿಯ ಗಂಡಸರೆಲ್ಲ ಕೆಲಸಕ್ಕೆ ಹೋಗಿರುವ ಹೊತ್ತು. ಪಕ್ಕದ ಮನೆಯಲ್ಲಿ ನನಗಿಂತ ವಯಸ್ಸಾದ ಹೆಂಗಸು. ಅಪ್ಪ ಇಲ್ಲ. ಮೊಬೈಲಿನಲ್ಲಿದ್ದ ಹೆಸರುಗಳು ಕೆಲವೇ. ಅದರಲ್ಲಿ ಕರೆದರೆ ಆ ಕ್ಷಣವೇ ಎದ್ದು ಬರುವವನು ಒಬ್ಬನೇ, ಹುಲ್ಲಹಳ್ಳಿಯವನು. ಅವನು ಬಂದು ಒಂದೇ ಕೈಯಲ್ಲಿ ಎತ್ತಿ ನಿಲ್ಲಿಸುತ್ತಾನೆ. ಏನೂ ಅನ್ನುವುದೂ ಇಲ್ಲ. ಹೋಗುವಾಗ ಗಾಡಿ ಅವನ ಜೊತೆ ಹೋಗುತ್ತದೆ. ನೆಲದ ಮೇಲೆ ಗಾಡಿಯ ಪಕ್ಕ ಕುಳಿತೆ. ಇವರು ಹೋದ ದಿನವೂ ಸುತ್ತ ಜನ ಇದ್ದರು. ಕರೆಯಲು ಯಾರೂ ಇಲ್ಲ ಎಂಬುದು ನನಗೆ ಗೊತ್ತಾದದ್ದು ಅಂದು ಅಲ್ಲ, ಈ ಮಧ್ಯಾಹ್ನ.

ಎಷ್ಟೋ ಹೊತ್ತಿನ ಮೇಲೆ ಗಿರಣಿಯ ಹಮಾಲಿಗಳು ನೆನಪಾದರು. ಅವರು ಯಾರೂ ಮೂಟೆಯನ್ನು ಎದುರು ನಿಂತು ಎತ್ತುವುದಿಲ್ಲ. ಅದಕ್ಕೆ ಬೆನ್ನು ಕೊಟ್ಟು, ಕುಕ್ಕರುಗಾಲಲ್ಲಿ ಕುಳಿತು, ಬೆನ್ನಿಗೆ ತಾಗಿದ ಮೇಲೆ ಕಾಲಿನಿಂದ ಏಳುತ್ತಾರೆ. ಮೊದಲು ಗಾಡಿಯ ಎಡಗಡೆಯ ಪಕ್ಕದ ಸ್ಟ್ಯಾಂಡ್ ಹೊರಕ್ಕೆ ಎಳೆದಿಟ್ಟೆ, ಎದ್ದ ಮೇಲೆ ಆಚೆ ಪಕ್ಕಕ್ಕೆ ಬೀಳಬಾರದಲ್ಲ. ಆಮೇಲೆ ಬಿದ್ದ ಕಡೆಗೆ ಬಂದು, ಗಾಡಿಗೆ ಬೆನ್ನು ಮಾಡಿ, ಸೀಟಿನ ಅಂಚಿಗೆ ಸೊಂಟ ಕೊಟ್ಟು ಕುಳಿತೆ. ಒಂದು ಕೈ ಹಿಂದೆ ಚಾಚಿ ಹ್ಯಾಂಡಲ್ಲು, ಇನ್ನೊಂದು ಹಿಂದಿನ ಹಿಡಿ. ಹಿಂದಕ್ಕೆ ಹಿಂದಕ್ಕೆ ಚಿಕ್ಕ ಹೆಜ್ಜೆ ಇಡುತ್ತಾ ಒತ್ತಿದೆ. ಎರಡು ಮೂಟೆಯ ಮೇಲೆ ಎರಡು ಕೆಜಿ. ಮೊದಲು ಎಲ್ಲ ಭಾರವೂ ನನ್ನದೇ ಇತ್ತು. ಅರ್ಧಕ್ಕೆ ಬಂದಾಗ ಕಮ್ಮಿಯಾಯಿತು. ಆಮೇಲೆ ಇಲ್ಲವೇ ಇಲ್ಲ. ಗಾಡಿ ಸ್ಟ್ಯಾಂಡಿನ ಮೇಲೆ ಕುಳಿತ ಸದ್ದು ಬೆನ್ನ ಹಿಂದೆ ಕೇಳಿತು. ತಿರುಗಿ ನೋಡಲು ಸ್ವಲ್ಪ ಹೊತ್ತು ಬೇಕಾಯಿತು.

ಆಯುಧ ಪೂಜೆಯ ದಿನ ಮೈದುನ ಬಂದಾಗ ನಾನು ಹಲಗೆ ಇಳಿಬಿಟ್ಟು ಸಿದ್ಧಳಾಗಿದ್ದೆ. ತೊಡೆ ಕೊಟ್ಟು ಇಳಿಸಿದೆ. ಬ್ರೇಕ್ ಹಿಡಿಯುತ್ತಾ ಬಿಡುತ್ತಾ ಹಲಗೆಯ ಮೇಲೆ ಬೀದಿಗೆ ತಂದೆ. ಪಕ್ಕದ ಮನೆಯಾಕೆ ರಂಗೋಲಿ ಹಾಕುತ್ತಿದ್ದವರು ಎದ್ದು ನಿಂತು, "ಏನವ್ವಾ, ಲೈಸೆನ್ಸ್ ಮಾಡಿಸ್ಕಂಡ್ಯಾ? ಮಾರ್ಕೆಟ್ಗೆ ಓಗದಾದ್ರೆ ನನಗೂ ಬದ್ನೆಕಾಯಿ ತತ್ತಾ" ಎಂದರು. ಅಲ್ಲೇ ನೀರು ಹಾಕಿ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಹೂ ಇಟ್ಟೆ. ನಿಂಬೆಹಣ್ಣು ಚಕ್ರದಡಿ ಇಟ್ಟು ಗಾಡಿಯನ್ನು ನಾನೇ ಅದರ ಮೇಲೆ ನೂಕಿದೆ. ವಾಪಸ್ ಹತ್ತಿಸುವುದು ಕಷ್ಟ. ದೂರದಿಂದ ಓಡಿಸಿಕೊಂಡು ಬಂದು ಆ ರಭಸದಲ್ಲೇ ಹಲಗೆ ಹತ್ತಿಸಬೇಕು. ಮೊದಲ ಸಲ ಅರ್ಧದಲ್ಲಿ ನಿಂತಿತು. ಮೈದುನ ಎರಡು ಕೈ ಚಾಚಿದವನು ಹಾಗೇ ತಡೆದುಕೊಂಡ. ಎರಡನೆಯ ಸಲ ಹೊಸ್ತಿಲು ದಾಟಿತು.

ಅವನು ಒಳಗೆ ಬಂದು, ಗೋಡೆಗೆ ಒರಗಿ ನಿಂತ. "ಸರಿ ಬುಡಿ ಅತ್ಗೆ. ನಿಮ್ದೇ" ಎಂದ. ಟ್ಯಾಂಕಿನ ಮೇಲೆ ಕೈ ಸವರಿ, "ನಂಗೆ ಆಸೆ ಇತ್ತು" ಎಂದ. ಇಷ್ಟು ದಿನ ಅವನು ಗಾಡಿಯ ಉಪಯೋಗ, ನನ್ನ ತೊಂದರೆ ಎಂದೆಲ್ಲ ಹೇಳಿದ್ದ. ಇದನ್ನು ಹೇಳಿರಲಿಲ್ಲ. ಅವನಿಗೆ ಒಬ್ಬಟ್ಟು ಬಡಿಸಿದೆ. ತಿಂದು ಹೋದ.

ಆಮೇಲೆ ಅವನ ಭಾನುವಾರಗಳು ತಪ್ಪತೊಡಗಿದವು. ಸಿಟ್ಟಿನಿಂದ ಅಲ್ಲ. ಕಬ್ಬು ಕಡಿಯುವ ಕಾಲ, ಮಗುವಿಗೆ ಜ್ವರ, ಟೈರ್ ಪಂಕ್ಚರ್. ಫೋನಿನಲ್ಲಿ ಎಲ್ಲ ನಿಜವನ್ನೇ ಹೇಳುತ್ತಿದ್ದ. ಗಾಡಿ ಅವನದಾಗಬಹುದು ಎಂದಿದ್ದಾಗ ಬರಲು ದಾರಿ ಇತ್ತು. ಈಗ ಸುಮ್ಮನೆ ಬರಬೇಕು. ಸುಮ್ಮನೆ ಬರುವುದು ಯಾರಿಗೂ ಸುಲಭವಲ್ಲ. ನಾನು ಭಾನುವಾರ ಗಾಡಿಯನ್ನು ಒಬ್ಬಳೇ ಇಳಿಸಿ, ನಡುಮನೆಯಲ್ಲೇ ಮುಂದಕ್ಕೂ ಹಿಂದಕ್ಕೂ ನೂಕಿ, ಮತ್ತೆ ಸ್ಟ್ಯಾಂಡ್ ಹಾಕುತ್ತಿದ್ದೆ. ಟೈರು ಒಂದೇ ಕಡೆ ಕೂರಬಾರದಲ್ಲ. ಉಪ್ಪಿಟ್ಟಿಗೆ ಒಬ್ಬಳಿಗಾಗುವಷ್ಟೇ ರವೆ ಹಾಕುವುದು ಈಗ ಬರುತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ನಾನೇ ಫೋನ್ ಮಾಡಿದೆ. "ಸ್ಟಾರ್ಟ್ ಮಾಡಕ್ಕೆ ನನಗೆ ಬರಲ್ಲ ಕಣಪ್ಪ. ಬಂದೋಗು."

"ನೂಕಕ್ಕೆ ಬತ್ತದೆ, ಒದಿಯಕ್ಕೆ ಬರಕಿಲ್ವಾ?" ಎಂದು ನಕ್ಕ. ಅಂದೇ ಸಂಜೆ ಬಂದ.

ಬೀದಿಗೆ ತಂದುಕೊಟ್ಟದ್ದು ನಾನೇ. ಅವನು ಬಹಳ ಸಲ ಕಿಕ್ ಹೊಡೆದ ಮೇಲೆ ಹೊಗೆ ಉಗುಳಿ ಸ್ಟಾರ್ಟ್ ಆಯಿತು. ಪಕ್ಕದ ಮನೆಯ ನಾಯಿ ಬೊಗಳಿತು. "ಕೂತ್ಕಳಿ ಅತ್ಗೆ, ಒಂದು ರೌಂಡು" ಎಂದ. ಬೇಡವೆಂದೆ. ಅದರ ಹಿಂದಿನ ಸೀಟಿನಲ್ಲಿ ಕುಳಿತು ಇನ್ನೊಬ್ಬರ ಬೆನ್ನು ನೋಡುವುದು ನನಗೆ ಆಗುತ್ತಿರಲಿಲ್ಲ. ಅವನು ಹೊಳೆಯ ಕಡೆಗೆ ಹೋದ. ಮೆಟ್ಟಿಲ ಮೇಲೆ ನಿಂತು ಕೇಳಿದೆ. ಗೇರ್ ಬದಲಾಯಿಸುವ ಕಡೆ ಬೇರೆ. ಇವರು ಇನ್ನೂ ಎಳೆಯುತ್ತಿದ್ದ ಕಡೆ ಅವನು ಬಿಟ್ಟುಬಿಡುತ್ತಿದ್ದ. ಅದೇ ಎಂಜಿನ್ನು, ಅದೇ ಸೈಲೆನ್ಸರು, ಆದರೂ ಓಡಿಸುತ್ತಿರುವವರು ಬೇರೆ ಎಂಬುದು ಕಣ್ಣು ಮುಚ್ಚಿಕೊಂಡಿದ್ದರೂ ಗೊತ್ತಾಗುತ್ತಿತ್ತು. ಸದ್ದು ದೂರವಾಯಿತು, ಇಲ್ಲವಾಯಿತು, ಮತ್ತೆ ಹತ್ತಿರ ಬಂತು.

ಬಂದು ಇಳಿದವನ ಮುಖ ಅರಳಿತ್ತು. "ಒಳಕ್ಕಾಕ್ಲಾ?"

"ಬೇಡ, ಅಲ್ಲೇ ಬಿಡು. ನಾನು ಹಾಕ್ಕತೀನಿ."

ಅವನು ತನ್ನ ಗಾಡಿಯ ಬಟನ್ ಒತ್ತಿ ಹುಲ್ಲಹಳ್ಳಿಗೆ ಹೊರಟ. ನಾನು ನಮ್ಮದನ್ನು ಒಳಗೆ ಹತ್ತಿಸಿ, ಸ್ಟ್ಯಾಂಡ್ ಹಾಕಿ, ಹಲಗೆ ಎತ್ತಿ, ಬಾಗಿಲು ಹಾಕಿದೆ. ಮೀನಖಂಡಕ್ಕೆ ಸೀರೆಯ ಮೇಲಿಂದಲೇ ಕಾವು ತಾಗಿತು. ಎಂಜಿನ್ ಬಿಸಿಯಾಗಿತ್ತು. ಆ ಮನೆಯಲ್ಲಿ ಒಲೆ ಬಿಟ್ಟರೆ ಬೇರೇನಾದರೂ ಬೆಚ್ಚಗಿದ್ದು ಬಹಳ ಕಾಲವಾಗಿತ್ತು. ತಣ್ಣಗಾಗುವಾಗ ಅದರ ಕಬ್ಬಿಣ ಟಿಕ್, ಟಿಕ್ ಎನ್ನುತ್ತದೆ, ಮೊದಲು ಬೇಗ ಬೇಗ, ಆಮೇಲಾಮೇಲೆ ನಿಧಾನ. ಚಾಪೆ ಎಳೆದುಕೊಂಡು ಪಕ್ಕದಲ್ಲಿ ಕುಳಿತೆ. ಸೀರೆಯ ಕೆಲಸ ಬಾಕಿ ಇತ್ತು, ತೆಗೆಯಲಿಲ್ಲ. ಆ ಸದ್ದು ಪೂರ್ತಿ ನಿಂತ ಮೇಲೂ ಸ್ವಲ್ಪ ಹೊತ್ತು ಕೈಯನ್ನು ಎಂಜಿನ್ನಿನ ಹತ್ತಿರವೇ ಹಿಡಿದಿದ್ದೆ. ಕಾವು ಇನ್ನೂ ಇತ್ತು. ಆಮೇಲೆ ಎದ್ದು ಲೈಟ್ ಹಾಕಿ ಅಕ್ಕಿ ತೊಳೆದೆ.